ಸೌದೆಯಿಂದ ಕರೆಂಟು: ಲೆಕ್ಕ ಬಿಸಿಯಿಂದ ಶುರುವಾಗಲಿ

ಒಂದು ಕಿಲೋ ಒಣ ಸೌದೆ, ಒಂದು ಯೂನಿಟ್ ಕರೆಂಟು. ಸೌದೆಯಿಂದ ಎಂಜಿನ್ನಿಗೆ ಗ್ಯಾಸು ತೆಗೆದುಕೊಡುವ ಸಣ್ಣ ಗ್ಯಾಸಿಫೈಯರ್ ಯಂತ್ರ ಮಾರುವವರೂ ಕೊಳ್ಳುವವರೂ ಬಾಯಿಪಾಠ ಮಾಡಿಕೊಂಡಿರುವ ಸೂತ್ರ ಇದು. ಸುಳ್ಳೇನಲ್ಲ. ಯಂತ್ರ ಸುಸ್ಥಿತಿಯಲ್ಲಿದ್ದು, ಸೌದೆ ನಿಜಕ್ಕೂ ಒಣಗಿದ್ದು, ಎಂಜಿನ್ ಪೂರ್ತಿ ಲೋಡಿನಲ್ಲಿ ಓಡುತ್ತಿದ್ದರೆ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ಆದರೆ ಆ ಒಂದು ಕಿಲೋ ಸೌದೆಯೊಳಗೆ ಇದ್ದದ್ದು ಸುಮಾರು ನಾಲ್ಕೂವರೆ ಯೂನಿಟ್‌ನಷ್ಟು ಶಕ್ತಿ. ಒಂದು ತಂತಿಗೆ ಹೋಯಿತು. ಮಿಕ್ಕ ಮೂರೂವರೆ ಎಲ್ಲಿ ಹೋಯಿತು?

ರೇಡಿಯೇಟರಿನ ನೀರಿಗೆ, ಸೈಲೆನ್ಸರಿನ ಹೊಗೆಗೆ, ಗ್ಯಾಸ್ ತಣಿಸುವ ಕೊಳವೆಗೆ, ಗ್ಯಾಸಿಫೈಯರಿನ ಮೈಗೆ ಹೋಯಿತು. ಎಲ್ಲವೂ ಬಿಸಿಯಾಗಿಯೇ ಹೋಯಿತು. ಸಣ್ಣ ಪ್ರಮಾಣದಲ್ಲಿ ಜೀವರಾಶಿಯಿಂದ, ಅಂದರೆ ಸೌದೆ, ಹೊಟ್ಟು, ದಂಟಿನಂಥ ಬಯೋಮಾಸ್‌ನಿಂದ, ಶಕ್ತಿ ತೆಗೆಯುವ ಯಾವ ಯಂತ್ರವನ್ನೇ ನೋಡಿ, ಅದು ಮೂಲತಃ ಬಿಸಿ ತಯಾರಿಸುವ ಯಂತ್ರ, ಜೊತೆಗೆ ಒಂದಿಷ್ಟು ಕರೆಂಟೂ ಬರುತ್ತದೆ. ಜಾಹೀರಾತಿನಲ್ಲಿ ಮಾತ್ರ ಇದು ತಿರುಗುಮುರುಗು. ದಪ್ಪ ಅಕ್ಷರದಲ್ಲಿ ಕಿಲೋವ್ಯಾಟ್, ಕೆಳಗೆಲ್ಲೋ ಸಣ್ಣಗೆ ‘ಬಿಸಿನೀರೂ ಲಭ್ಯ’. ಸಣ್ಣ ಸ್ಥಾವರಗಳು ಯಾಕೆ ನಿಂತುಹೋಗುತ್ತವೆ ಎಂದು ಹುಡುಕುತ್ತಾ ಹೋದರೆ, ತೊಂದರೆಯ ಬೇರು ಬಹುಪಾಲು ಈ ತಲೆಕೆಳಗಾದ ಲೆಕ್ಕದಲ್ಲೇ ಸಿಗುತ್ತದೆ.

ಈ ಮಾತಿಗೆ ಈಗ ಮಹತ್ವ ಬಂದಿರುವುದು ಸೌರಫಲಕಗಳಿಂದ. ಫಲಕವೂ ಬ್ಯಾಟರಿಯೂ ದುಬಾರಿಯಾಗಿದ್ದ ಕಾಲದಲ್ಲಿ, ತಂತಿ ತಲುಪದ ಕಡೆ ಸೌದೆಯ ಕರೆಂಟು ಒಂದು ಗಟ್ಟಿ ಉತ್ತರವಾಗಿತ್ತು. ಈಗ ಬರೀ ಕರೆಂಟಿನ ಪಂದ್ಯದಲ್ಲಿ ಅದು ಗೆಲ್ಲುವುದು ಕಷ್ಟ. ನೆಲದ ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಹೆಕ್ಟೇರಿನಲ್ಲಿ ವರ್ಷಕ್ಕೆ 10 ಟನ್ ಒಣ ಸೌದೆ ಬೆಳೆದರೆ ಅದು ಒಳ್ಳೆಯ ಇಳುವರಿ. ಟನ್ನಿಗೆ 18.5 ಗಿಗಾಜೂಲ್‌ನಂತೆ 185 ಗಿಗಾಜೂಲ್, ಅಂದರೆ ಸುಮಾರು 51 ಸಾವಿರ ಯೂನಿಟ್ ಶಾಖ. ಅದರಲ್ಲಿ ಐದನೇ ಒಂದು ಭಾಗ ಕರೆಂಟಾದರೆ 10 ಸಾವಿರ ಯೂನಿಟ್. ಅದೇ ಹೆಕ್ಟೇರಿನಲ್ಲಿ 500 ಕಿಲೋವ್ಯಾಟ್ ಫಲಕ ಹಾಕಿ, ಬಿಸಿಲು ಸಾಧಾರಣವಾಗಿದ್ದರೂ 6 ಲಕ್ಷ ಯೂನಿಟ್ ತೆಗೆಯಬಹುದು. ಅರವತ್ತು ಪಟ್ಟು ವ್ಯತ್ಯಾಸ. ಎಲೆಯ ಹಸಿರು ಬಿಸಿಲನ್ನು ಹಿಡಿದಿಡುವ ಪ್ರಮಾಣವೇ ಶೇಕಡಾ ಒಂದರ ಆಸುಪಾಸು, ಹೀಗಾಗಿ ಕರೆಂಟಿಗಾಗಿಯೇ ಮರ ಬೆಳೆಸುವ ಯೋಚನೆಗೆ ನೆಲ ಎಷ್ಟಿದ್ದರೂ ಸಾಲದು.

ಹಾಗಾದರೆ ಜೀವರಾಶಿಗೆ ಉಳಿದಿರುವುದೇನು? ಎರಡು ಗುಣಗಳಿವೆ. ಬೇಕಾದಾಗ ಉರಿಸಲು ಕೂಡಿಟ್ಟುಕೊಳ್ಳಬಹುದು, ಮತ್ತು ಬಿಸಿಯನ್ನು ನೇರವಾಗಿ ಕೊಡುತ್ತದೆ. ಜೊತೆಗೆ, ಹೇಗಿದ್ದರೂ ಕೊಳೆಯುವ ಅಥವಾ ಹೊಲದಲ್ಲೇ ಸುಟ್ಟುಹೋಗುವ ಉಳಿಕೆ ರಾಶಿರಾಶಿಯಾಗಿ ಬೀಳುತ್ತಲೇ ಇರುತ್ತದೆ: ಹೊಟ್ಟು, ದಂಟು, ಕರಟ, ಗರಗಸದ ಪುಡಿ, ಕಡಿದ ಕೊಂಬೆ. ಯುರೋಪಿನ ಒಕ್ಕೂಟ 2023ರಲ್ಲಿ ತಿದ್ದಿದ ನವೀಕರಿಸಬಹುದಾದ ಶಕ್ತಿಯ ನಿರ್ದೇಶನವೂ ಇದೇ ದಿಕ್ಕಿನದು. ಕಾಡಿನ ಸೌದೆಯಿಂದ ಬರೀ ಕರೆಂಟು ಮಾಡುವ ಹೊಸ ಸ್ಥಾವರಗಳಿಗೆ ನೇರ ಸಹಾಯಧನ ಕೊಡುವುದಕ್ಕೆ ಅದು, ಕೆಲವು ವಿನಾಯಿತಿ ಬಿಟ್ಟು, ಕಡಿವಾಣ ಹಾಕಿತು. ಬಿಸಿಯನ್ನು ಬಳಸದೆ ಗಾಳಿಗೆ ಬಿಡುವವರಿಗೆ ಹಣ ಯಾಕೆ ಎಂಬ ಪ್ರಶ್ನೆ ಅದರ ಹಿಂದಿದೆ.

ದಾರಿ ಹಲವು, ಜಾರುವ ಜಾಗ ಒಂದೇ

ಸೌದೆಯಿಂದ ಕರೆಂಟಿಗೆ ಹೋಗಲು ಹಳೆಯ ದಾರಿ ಉಗಿ. ದೊಡ್ಡ ಸ್ಥಾವರಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಸಣ್ಣದಾದಂತೆ ಉಗಿಯ ಟರ್ಬೈನು ಸೋರುತ್ತದೆ, ತಣಿಯುತ್ತದೆ, ಅದರ ದಕ್ಷತೆ ಶೇ 10–15ಕ್ಕೆ ಇಳಿಯುತ್ತದೆ. ಅಧಿಕ ಒತ್ತಡದ ಬಾಯ್ಲರಿಗೆ ಪರವಾನಗಿ ಪಡೆದ ನುರಿತವರು ಬೇಕು ಎನ್ನುವುದು ಇನ್ನೊಂದು ಭಾರ. ನೀರಿನ ಬದಲು ಸಿಲಿಕೋನ್ ಎಣ್ಣೆಯನ್ನು ಕುದಿಸಿ ಟರ್ಬೈನು ತಿರುಗಿಸುವ ‘ಆರ್ಗ್ಯಾನಿಕ್ ರ್‍ಯಾಂಕಿನ್’ ಪದ್ಧತಿ ಈ ತಲೆನೋವನ್ನು ಸಾಕಷ್ಟು ಕಡಿಮೆ ಮಾಡಿತು. ಆಸ್ಟ್ರಿಯದ ಅಡ್ಮೊಂಟ್‌ನಲ್ಲಿ 1999ರಲ್ಲಿ 400 ಕಿಲೋವ್ಯಾಟ್‌ನ ಇಂಥ ಘಟಕ ಶುರುವಾಯಿತು. ಲಿಯೆಂಟ್ಸ್ ಊರಿನಲ್ಲಿ 1000 ಕಿಲೋವ್ಯಾಟ್‌ನದು ಬಂತು. ಇವೆರಡೂ ಬಿಸಿ ಬೇಕಿದ್ದ ಕಡೆಯೇ ಹುಟ್ಟಿದವು ಎನ್ನುವುದನ್ನು ಗಮನಿಸಬೇಕು: ಒಂದು ಮರದ ಕಾರ್ಖಾನೆಗೆ, ಇನ್ನೊಂದು ಊರಿನ ಮನೆಗಳಿಗೆ ಬಿಸಿನೀರು ಹರಿಸುವ ಜಾಲಕ್ಕೆ. ಹೊರಗಿನ ಬಿಸಿಯಿಂದಲೇ ಓಡುವ ಸ್ಟರ್ಲಿಂಗ್ ಎಂಜಿನ್ನಿನ ಬಗ್ಗೆ ಆಸೆ ಹುಟ್ಟಿಸುವ ಮಾತು ದಶಕಗಳಿಂದ ಕೇಳಿಬರುತ್ತಿದೆ, ಯಂತ್ರಗಳು ಮಾತ್ರ ಬೆರಳೆಣಿಕೆಯಷ್ಟು. ಒಲೆಗೆ ಅಂಟಿಸುವ, ಬಿಸಿಯನ್ನು ನೇರ ಕರೆಂಟು ಮಾಡುವ ಥರ್ಮೋಎಲೆಕ್ಟ್ರಿಕ್ ಬಿಲ್ಲೆಗಳು ಫೋನ್ ಚಾರ್ಜ್ ಮಾಡಲು, ಪುಟ್ಟ ಫ್ಯಾನು ತಿರುಗಿಸಲು ಸರಿ.

ಹತ್ತರಿಂದ ಕೆಲವು ನೂರು ಕಿಲೋವ್ಯಾಟ್‌ವರೆಗಿನ ಅಖಾಡದಲ್ಲಿ ನಿಜವಾಗಿ ಕುಸ್ತಿ ಆಡುತ್ತಿರುವುದು ಗ್ಯಾಸಿಫೈಯರ್. ಸೌದೆಯನ್ನು ಪೂರ್ತಿ ಸುಡಲು ಬೇಕಾಗುವ ಗಾಳಿಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟನ್ನೇ ಕೊಟ್ಟು, ಅರೆಬರೆ ಸುಟ್ಟು, ಉರಿಯಬಲ್ಲ ಗ್ಯಾಸು ತೆಗೆಯುವ ಕೆಲಸ ಇದು. ಮೇಲಿಂದ ಹಾಕಿದ ಚಕ್ಕೆ ಮೊದಲು ಒಣಗುತ್ತದೆ. ಇನ್ನಷ್ಟು ಕೆಳಗಿಳಿದಾಗ, 200 ಡಿಗ್ರಿ ದಾಟಿದ ಮೇಲೆ, ಒಡೆದು ಹೊಗೆ ಬಿಡುತ್ತದೆ, ಹಿಂದೆ ಇದ್ದಿಲು ಉಳಿಯುತ್ತದೆ. ಗಾಳಿ ಒಳನುಗ್ಗುವ ಮಟ್ಟದಲ್ಲಿ ಸಾವಿರ ಡಿಗ್ರಿ ಮೀರಿದ ಕೆಂಡ. ಅದರ ಕೆಳಗೆ, 800–900 ಡಿಗ್ರಿಯ ಇದ್ದಿಲಿನ ಹಾಸಿನಲ್ಲಿ, ಇಂಗಾಲದ ಡೈಆಕ್ಸೈಡೂ ನೀರಿನ ಹಬೆಯೂ ಇಂಗಾಲದ ಮೇಲೆ ಹಾದು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಆಗುತ್ತವೆ. ಗ್ಯಾಸಿನಲ್ಲಿ ಇವೆರಡೂ ತಲಾ ಸುಮಾರು ಶೇ 15–20ರಷ್ಟು, ಮೀಥೇನ್ ಒಂದೆರಡು ಪಾಲು. ಹೆಚ್ಚುಕಡಿಮೆ ಅರ್ಧದಷ್ಟು ಗಾಳಿಯೊಂದಿಗೆ ಬಂದ ನೈಟ್ರೋಜನ್. ಅದು ಉರಿಯುವುದೂ ಇಲ್ಲ, ಜಾಗವನ್ನೂ ಬಿಡುವುದಿಲ್ಲ. ಘನ ಮೀಟರಿಗೆ 5 ಮೆಗಾಜೂಲ್ (3.6 ಮೆಗಾಜೂಲ್ ಅಂದರೆ ಒಂದು ಯೂನಿಟ್) ಸಿಕ್ಕರೆ ಹೆಚ್ಚು. ನೈಸರ್ಗಿಕ ಅನಿಲದಲ್ಲಿ ಇದರ ಏಳು ಪಟ್ಟು ಇರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಈ ಗ್ಯಾಸು ಕುಡಿಸಿದರೆ ಅದರ ಬಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಕಡಿತ. ಫಲಕದ ಮೇಲೆ 50 ಕಿಲೋವ್ಯಾಟ್ ಎಂದು ಬರೆದಿದ್ದ ಎಂಜಿನ್ನು 30 ಕೊಟ್ಟಿತೆಂದು ಬೇಸರಿಸಿಕೊಳ್ಳುವವರಿದ್ದಾರೆ. ಎಂಜಿನ್ನಿನ ತಪ್ಪು ಏನೂ ಇಲ್ಲ.

ಆದರೂ ಜನ ಕೈಸುಟ್ಟುಕೊಳ್ಳುವುದು ಬಲ ಕಡಿಮೆಯಾಯಿತೆಂದಲ್ಲ, ಟಾರಿನಿಂದ. ಸೌದೆಯ ಹೊಗೆಯಲ್ಲಿರುವ ಜಿಡ್ಡು ಪೂರ್ತಿ ಒಡೆಯದೆ ಗ್ಯಾಸಿನೊಂದಿಗೆ ಹೊರಬಂದು, ತಣಿದಂತೆ ಕಪ್ಪು ಅಂಟಾಗಿ ಸಿಕ್ಕಸಿಕ್ಕಲ್ಲಿ ಕೂರುತ್ತದೆ. ಗ್ಯಾಸು ಮೇಲ್ಮುಖವಾಗಿ ಹೋಗುವ ವಿನ್ಯಾಸದಲ್ಲಿ ಘನ ಮೀಟರಿಗೆ 50 ಗ್ರಾಂಗೂ ಹೆಚ್ಚು ಟಾರ್ ಇರಬಹುದು. ಹೊಗೆಯನ್ನು ಕೆಂಡದ ಮೂಲಕವೇ ಕೆಳಕ್ಕೆಳೆಯುವ ವಿನ್ಯಾಸದಲ್ಲಿ ಅದು ಒಂದು ಗ್ರಾಮಿಗೋ ಅದಕ್ಕೂ ಕೆಳಗೋ ಇಳಿಯುತ್ತದೆ. ಎಂಜಿನ್ ಸಹಿಸುವುದು ಅದಕ್ಕಿಂತಲೂ ಕಡಿಮೆ: 100 ಮಿಲಿಗ್ರಾಂ ಒಳಗೆ, ಸಾಧ್ಯವಾದರೆ 50ರ ಒಳಗೆ. ಈ ಹತ್ತು ಪಟ್ಟು ಅಂತರವನ್ನು ಮುಚ್ಚುವುದಕ್ಕೇ ಗ್ಯಾಸನ್ನು ಸುತ್ತಿಸಿ ದೂಳು ಬೇರ್ಪಡಿಸುವ ಸೈಕ್ಲೋನು, ತಣಿಸುವ ಗೋಪುರ, ಬಟ್ಟೆಯ ಫಿಲ್ಟರು, ಮರದ ಪುಡಿಯ ಫಿಲ್ಟರು ಎಲ್ಲ ಬರುತ್ತವೆ.

ಬೆಳಿಗ್ಗೆ ಯಂತ್ರ ಹೊತ್ತಿಸುವ ಹೊತ್ತಿನಲ್ಲಿ ನಿಂತು ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಊದುಗ ಹಾಕಿ, ಕೆಂಡ ಹೊತ್ತಿಸಿ, ಗ್ಯಾಸನ್ನು ಮೊದಲು ಎಂಜಿನ್ನಿಗೆ ಬಿಡದೆ ಪಕ್ಕದ ಕೊಳವೆಯಲ್ಲಿ ಉರಿಸುತ್ತಾರೆ. ಮೊದಮೊದಲು ಬರುವುದು ಬೆಳ್ಳಗಿನ ದಟ್ಟ ಹೊಗೆ, ಬೆಂಕಿ ತಾಕಿಸಿದರೆ ಹತ್ತುವುದಿಲ್ಲ. ಸ್ವಲ್ಪ ಹೊತ್ತಿಗೆ ಹತ್ತುತ್ತದೆ, ಹಳದಿಯಾಗಿ, ತುದಿಯಲ್ಲಿ ಮಸಿ ಬಿಡುತ್ತಾ. ಆಮೇಲೆ ಜ್ವಾಲೆ ನೀಲಿಗೆ ತಿರುಗಿ, ಬಿಸಿಲಿನಲ್ಲಿ ಕಾಣದಷ್ಟು ತೆಳುವಾಗುತ್ತದೆ. ಪಳಗಿದ ಆಪರೇಟರ್ ಆಗಲೂ ಅವಸರ ಮಾಡುವುದಿಲ್ಲ. ಒಂದು ಬಿಳಿ ಬಟ್ಟೆಯ ಚೂರನ್ನು ಗ್ಯಾಸಿನ ಕಿಂಡಿಗೆ ಅರೆಕ್ಷಣ ಹಿಡಿದು ನೋಡುತ್ತಾನೆ. ಬೂದು ಬಣ್ಣ ಬಂದು, ಕೊಡವಿದರೆ ಉದುರಿದರೆ ಅದು ಬರೀ ದೂಳು, ಚಿಂತೆಯಿಲ್ಲ. ಕಂದು ಕಲೆ ಕೂತು ಬೆರಳಿಗೆ ಅಂಟಿದರೆ ಇನ್ನೂ ಕಾಯಬೇಕು. ಆ ಹತ್ತು ನಿಮಿಷ ಕಾಯದೆ ವಾಲ್ವ್ ತಿರುಗಿಸಿದ ಎಂಜಿನ್ನಿನ ಕಥೆ ಮರುದಿನ ಗೊತ್ತಾಗುತ್ತದೆ. ಬಿಸಿಯಿದ್ದಾಗ ಸಲೀಸಾಗಿ ಓಡಿದ್ದ ಒಳವಾಲ್ವುಗಳು ರಾತ್ರಿ ತಣಿದು ಅಂಟಿಕೊಂಡಿರುತ್ತವೆ, ಬೆಳಿಗ್ಗೆ ತಿರುಗಿಸಿದರೆ ಅವನ್ನು ತೆರೆಯಲು ತಳ್ಳುವ ಸರಳು, ಪುಶ್‌ರಾಡ್, ಬಾಗುತ್ತದೆ.

ನೀರಿನಲ್ಲಿ ತೊಳೆದರೆ ಟಾರ್ ಹೋಗುತ್ತದಲ್ಲ ಎಂದು ಕೇಳಬಹುದು. ಹೋಗುತ್ತದೆ, ನೀರಿಗೆ. ಫೀನಾಲ್ ಎಂಬ ವಿಷ ತುಂಬಿದ, ಮೂಗು ಮುಚ್ಚಿಕೊಳ್ಳುವಂಥ ಆ ನೀರನ್ನು ಎಲ್ಲಿ ಚೆಲ್ಲುವುದು ಎಂಬುದು ಹಳೆಯ ಸ್ಥಾವರಗಳ ಹಿಂದಿನ ಗುಂಡಿಗಳಲ್ಲಿ ಕಪ್ಪಗೆ ನಿಂತಿದ್ದ ಪ್ರಶ್ನೆ. ಹೊಸ ಯಂತ್ರಗಳು ಒಣ ಫಿಲ್ಟರಿನ ಕಡೆಗೆ ತಿರುಗಿದ್ದಕ್ಕೆ ಇದೊಂದು ದೊಡ್ಡ ಕಾರಣ.

ಯುದ್ಧದ ಕಾಲದ ಪಾಠ

ಈ ತಂತ್ರಜ್ಞಾನ ಹೊಸದು ಎಂದು ಭಾವಿಸುವವರು ಎರಡನೇ ಮಹಾಯುದ್ಧದ ಕಾಲದ ಯುರೋಪನ್ನು ನೆನೆಯಬೇಕು. ಜಾರ್ಜ್ ಇಂಬೇರ್ ಎಂಬ ಎಂಜಿನಿಯರ್ 1920ರ ದಶಕದಲ್ಲಿ ರೂಪಿಸಿದ ಕೆಳಮುಖ ಗ್ಯಾಸಿಫೈಯರನ್ನು ಬೆನ್ನಿಗೆ ಕಟ್ಟಿಕೊಂಡು ಸುಮಾರು 10 ಲಕ್ಷ ವಾಹನಗಳು ಓಡಿದವು. ಪೆಟ್ರೋಲು ಬರುವುದು ನಿಂತಿದ್ದ ಸ್ವೀಡನ್ ಒಂದರಲ್ಲೇ 70 ಸಾವಿರಕ್ಕೂ ಹೆಚ್ಚು. ಬಸ್ಸು, ಲಾರಿ, ಟ್ರ್ಯಾಕ್ಟರು, ದೋಣಿ ಎಲ್ಲವೂ ಸೌದೆಯ ಚೂರು ತಿಂದು ನಡೆದವು. ಡ್ರೈವರ್ ಬೆಳಿಗ್ಗೆ ಬೂದಿ ತೆಗೆದು, ಫಿಲ್ಟರು ಕೊಡವಿ, ಕೈಗೆ ಮಸಿ ಮೆತ್ತಿಕೊಂಡೇ ಹೊರಡುತ್ತಿದ್ದ. ಗ್ಯಾರೇಜುಗಳಲ್ಲಿ ಕಾರ್ಬನ್ ಮೊನಾಕ್ಸೈಡಿನ ವಿಷದಿಂದ ಜನ ಬಿದ್ದರು. ಯುದ್ಧ ಮುಗಿದು ಪೆಟ್ರೋಲು ಮತ್ತೆ ಬಂದದ್ದೇ ತಡ, ಕೆಲವೇ ವರ್ಷಗಳಲ್ಲಿ ಇಡೀ ಲೋಕ ಮಾಯವಾಯಿತು.

ಯಂತ್ರ ಕೆಲಸ ಮಾಡುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಅದನ್ನು ದಿನಾ ಸಾಕುವ ದುಡಿಮೆಗೆ ಬೆಲೆ ಕಟ್ಟಿದ ದಿನ ಅದು ಸೋತಿತು. ಇವತ್ತಿನ ಸಣ್ಣ ಸ್ಥಾವರಕ್ಕೂ ಇದೇ ಮಾತು. ದೊಡ್ಡ ಸ್ಥಾವರವೊಂದರ ಸಾವಿರಾರು ಕಿಲೋವ್ಯಾಟ್‌ಗೆ ಪಾಳಿಯಲ್ಲಿ ನಾಲ್ಕೈದು ಜನ ಸಾಕಾದರೆ, 30 ಕಿಲೋವ್ಯಾಟ್‌ಗೂ ಒಬ್ಬರಂತೂ ಬೇಕು. ಯೂನಿಟ್ ಮೇಲೆ ಬೀಳುವ ಸಂಬಳದ ಭಾರ ಎಷ್ಟು ಬೇರೆ ಎಂದು ಬಿಡಿಸಿ ಹೇಳಬೇಕಿಲ್ಲ. ತಾನೇ ಓಡುವ ಯಂತ್ರಗಳು ಬಂದಿವೆ. ಅವು ತಾನೇ ಓಡುವುದು ಇಂಧನ ಹೇಳಿದ ಹಾಗೇ ಇದ್ದರೆ ಮಾತ್ರ.

ನೀರು ಹೊತ್ತ ಸೌದೆ

ಇಲ್ಲಿಗೆ ವಿಷಯದ ಹೊಟ್ಟೆಗೆ ಬಂದೆವು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ ಮೊದಲು ಯಂತ್ರ ಕೊಂಡು ಆಮೇಲೆ ಇಂಧನ ಹುಡುಕುವುದು ಈ ಕ್ಷೇತ್ರದ ಹಳೆಯ ಚಾಳಿ.

ಪೂರ್ತಿ ಒಣಗಿದ ಸೌದೆ ಯಾವ ಜಾತಿಯದಾದರೂ ಕಿಲೋಗೆ 18–19 ಮೆಗಾಜೂಲ್ ಕೊಡುತ್ತದೆ. ಗಟ್ಟಿ ಮರ, ಮೆದು ಮರ ಎಂಬ ವ್ಯತ್ಯಾಸ ತೂಕದಲ್ಲಿ ಅಷ್ಟಾಗಿ ಇಲ್ಲ, ಗಾತ್ರದಲ್ಲಿ ಇದೆ. ವ್ಯತ್ಯಾಸ ಮಾಡುವುದು ನೀರು. ತೇವ ಶೇ 10 ಇದ್ದರೆ 16 ಮೆಗಾಜೂಲ್ ಚಿಲ್ಲರೆ, ಶೇ 20 ಇದ್ದರೆ 14ರ ಸುಮಾರು. ಆಗತಾನೆ ಕಡಿದ ಹಸಿ ಮರದಲ್ಲಿ ಅರ್ಧ ನೀರೇ ಇರುತ್ತದೆ, ಆಗ ಸಿಗುವುದು 8. ಹಸಿ ಸೌದೆಯ ಒಲೆ ಊದಿದವರಿಗೆ ಇದು ಗೊತ್ತಿರುವ ಸಂಗತಿ. ಗ್ಯಾಸಿಫೈಯರಿನಲ್ಲಿ ಮಾತ್ರ ಪೆಟ್ಟು ಎರಡು ಬಾರಿ ಬೀಳುತ್ತದೆ. ಶಕ್ತಿ ಕಡಿಮೆಯಾಗುವುದು ಒಂದು. ಕೆಂಡದ ಹಾಸು ತಣಿದು ಟಾರ್ ಒಡೆಯದೆ ಹೊರಬರುವುದು ಇನ್ನೊಂದು.

30 ಕಿಲೋವ್ಯಾಟ್ ಕರೆಂಟು ಕೊಡುವ ಒಂದು ಘಟಕವನ್ನು ಕಣ್ಮುಂದೆ ಇಟ್ಟುಕೊಳ್ಳಿ. ಶೇ 10 ತೇವದ ಚಕ್ಕೆ ಗಂಟೆಗೆ 30 ಕಿಲೋ ತಿನ್ನುತ್ತದೆ. ಒಳಹೋಗುವ ಶಕ್ತಿ ಸುಮಾರು 137 ಕಿಲೋವ್ಯಾಟ್, ಹೊರಬರುವುದು 30 ಕರೆಂಟು, 70ರಷ್ಟು ಹಿಡಿಯಬಹುದಾದ ಬಿಸಿ, ಉಳಿದದ್ದು ನಷ್ಟ. ವರ್ಷದ 8760 ಗಂಟೆಗಳಲ್ಲಿ 7000 ಗಂಟೆ ಓಡಿದರೆ 210 ಟನ್ ಚಕ್ಕೆ ಬೇಕು. ದಿನಕ್ಕೆ 720 ಕಿಲೋ, ಸುಮಾರು ಮೂರು ಘನ ಮೀಟರ್. ಈಗ ಆ ಚಕ್ಕೆ ಶೇ 10 ತೇವದಲ್ಲಿ ಯಾರೂ ತಂದು ಸುರಿಯುವುದಿಲ್ಲ ಎನ್ನೋಣ. ಬಂದದ್ದು ಶೇ 50ರ ಹಸಿ ಮಾಲು. ಗಂಟೆಗೆ 54 ಕಿಲೋ ಹಸಿ ಚಕ್ಕೆ ತಂದು, ಅದರಿಂದ 24 ಕಿಲೋ ನೀರು ಆರಿಸಬೇಕು. ಬರೀ ಆವಿ ಮಾಡಲು ಕಿಲೋ ನೀರಿಗೆ 2.4 ಮೆಗಾಜೂಲ್ ಸಾಕು. ಒಣಗಿಸುವ ಪೆಟ್ಟಿಗೆಯ ನಷ್ಟ ಸೇರಿಸಿದರೆ 4ರ ಹತ್ತಿರ ಹೋಗುತ್ತದೆ. ಅಂದರೆ 27 ಕಿಲೋವ್ಯಾಟ್ ಬಿಸಿ, 70ರಲ್ಲಿ ಹೆಚ್ಚುಕಡಿಮೆ ನಲವತ್ತು ಶೇಕಡಾ, ತನ್ನ ಇಂಧನ ಒಣಗಿಸುವುದಕ್ಕೇ ಹೋಯಿತು. ಊದುಗ, ತಿರುಪು ಸಾಗಣೆ, ಪಂಪು ಎಲ್ಲ ಸೇರಿ ಕರೆಂಟಿನಲ್ಲೂ ಶೇ 5–10 ಮನೆಗೇ ಖರ್ಚು.

ಇದು ಕೆಟ್ಟ ಸುದ್ದಿಯೇನಲ್ಲ. ಬಿಸಿಗೆ ಬೇರೆ ಗಿರಾಕಿ ಇಲ್ಲದ ತಿಂಗಳುಗಳಲ್ಲಿ ಇಂಧನ ಒಣಗಿಸುವುದೇ ಅದಕ್ಕೆ ಒಳ್ಳೆಯ ಕೆಲಸ. ಆದರೆ 70 ಕಿಲೋವ್ಯಾಟ್ ಬಿಸಿಯನ್ನು ಪೂರ್ತಿ ಮಾರಿಬಿಡುತ್ತೇವೆ ಎಂದು ಬರೆದ ಯೋಜನಾ ವರದಿಯಲ್ಲಿ ಈ 27 ಎಲ್ಲೂ ಕಾಣುವುದಿಲ್ಲವಾದರೆ, ಆ ವರದಿಯ ಮಿಕ್ಕ ಅಂಕಿಗಳನ್ನೂ ಇನ್ನೊಮ್ಮೆ ನೋಡುವುದು ಕ್ಷೇಮ.

ತೇವ ಅಳೆಯಲು ದೊಡ್ಡ ಉಪಕರಣ ಬೇಕಿಲ್ಲ. ಒಂದು ಹಿಡಿ ಚಕ್ಕೆ ತೂಗಿ, 105 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ಮತ್ತೆ ತೂಗಿದರೆ ಆಯಿತು. ಇಳಿದ ತೂಕವನ್ನು ಮೊದಲ ತೂಕದಿಂದ ಭಾಗಿಸಬೇಕು. ಕೊನೆಯ ತೂಕದಿಂದ ಭಾಗಿಸುವ ಪದ್ಧತಿಯೂ ಮರದ ವ್ಯಾಪಾರದಲ್ಲಿದೆ, ಅದರಲ್ಲಿ ಅರ್ಧ ನೀರಿರುವ ಸೌದೆಗೆ ‘ಶೇ 100 ತೇವ’ ಎನ್ನುತ್ತಾರೆ. ಕೊಡುವವರು ಒಂದು ಲೆಕ್ಕ, ಕೊಳ್ಳುವವರು ಇನ್ನೊಂದು ಲೆಕ್ಕ ಹಿಡಿದರೆ ಜಗಳ ಗ್ಯಾರಂಟಿ.

ನೀರಿನ ನಂತರದ ವೈರಿ ಬೂದಿ. ತೊಗಟೆ ಸುಲಿದ ಮರದಲ್ಲಿ ಅದು ಶೇ ಒಂದಕ್ಕೂ ಕಡಿಮೆ, ಗೋಧಿ ಹುಲ್ಲಿನಲ್ಲಿ ಐದಾರು, ಭತ್ತದ ಹೊಟ್ಟಿನಲ್ಲಿ ಇಪ್ಪತ್ತರ ಹತ್ತಿರ. ಪ್ರಮಾಣಕ್ಕಿಂತ ಗುಣ ಹೆಚ್ಚು ಕಾಡುತ್ತದೆ. ಹುಲ್ಲು, ದಂಟುಗಳಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಬೂದಿ 900 ಡಿಗ್ರಿಯೊಳಗೇ ಮೆತ್ತಗಾಗಿ, ತಣಿದಾಗ ಗಾಜಿನಂಥ ಕಿಟ್ಟ ಕಟ್ಟುತ್ತದೆ. ಜಾಲರಿ ಮುಚ್ಚಿಹೋಗುತ್ತದೆ. ಕಬ್ಬಿಣದ ಸರಳು ಹಿಡಿದು ಕುಟ್ಟಿ ತೆಗೆಯಬೇಕು. ಪುಡಿ ಜಾಸ್ತಿಯಾದರೆ ಗಾಳಿ ಆಡುವುದಿಲ್ಲ, ಉದ್ದದ ಚೂರು ಬಂದರೆ ಗಂಟಲಲ್ಲಿ ಅಡ್ಡ ಸಿಕ್ಕಿ ಮೇಲೆ ಕಮಾನು ಕಟ್ಟುತ್ತದೆ, ಕೆಳಗೆ ಟೊಳ್ಳು. ಹೊರಗಿನಿಂದ ಏನೂ ಕಾಣದು, ಎಂಜಿನ್ನಿನ ಸದ್ದು ಬದಲಾಗುತ್ತದೆ ಅಷ್ಟೇ. ‘ಯಾವ ಕಸ ಬೇಕಾದರೂ ಹಾಕಿ’ ಎನ್ನುವ ಯಂತ್ರ ಸದ್ಯಕ್ಕೆ ಜಾಹೀರಾತಿನಲ್ಲಿ ಮಾತ್ರ ಇದೆ. ಅದನ್ನು ಹಣ ಕೊಟ್ಟು ನಂಬಬೇಡಿ.

ಸಾಗಣೆಯದು ಇನ್ನೊಂದು ಗೋಳು. ಮರದ ಪುಡಿ ಒತ್ತಿ ಮಾಡಿದ ಗುಳಿಗೆ, ಅಂದರೆ ಪೆಲೆಟ್ಟು, ಘನ ಮೀಟರಿಗೆ 600 ಕಿಲೋ ಮೀರುತ್ತದೆ, ಚಕ್ಕೆ 200–300, ಹೊಟ್ಟು ನೂರರ ಸುಮಾರು. ಹೊಟ್ಟು ತುಂಬಿದ ಲಾರಿ ಗಾಳಿಯನ್ನೇ ಹೊತ್ತು ತಿರುಗುತ್ತದೆ. ಹೀಗಾಗಿ ಜೀವರಾಶಿಯ ಸ್ಥಾವರ ಸಣ್ಣದಾಗಿರುವುದಕ್ಕೆ ಒಂದು ಗಟ್ಟಿ ಸಮರ್ಥನೆಯೂ ಸಿಗುತ್ತದೆ: ಉಳಿಕೆ ಬೀಳುವ ಜಾಗದಲ್ಲೇ, ಅಲ್ಲೇ ಬಿಸಿ ಬೇಕಿರುವವರ ಗೋಡೆಗೆ ಅಂಟಿಕೊಂಡೇ ಇರಬೇಕು.

ಬಿಸಿ ಕೊಳ್ಳುವವರು ಯಾರು

ಕರೆಂಟು ತಂತಿಯಲ್ಲಿ ಎಷ್ಟು ದೂರವಾದರೂ ಹೋಗುತ್ತದೆ, ಬಿಸಿನೀರು ಹೋಗುವುದಿಲ್ಲ. ಕೊಳವೆಯ ಪ್ರತಿ ಮೀಟರೂ ನಷ್ಟವೇ. ಅದಕ್ಕೇ ಮರ ಒಣಗಿಸುವ ಗೂಡು, ಹಸಿರುಮನೆ, ಈಜುಕೊಳ, ಆಸ್ಪತ್ರೆ, ಬಟ್ಟೆಗೆ ಬಣ್ಣ ಹಾಕುವ ಘಟಕ, ಹಾಲು ಕಾಯಿಸುವ ಡೈರಿ ಇಂಥವು ಒಳ್ಳೆಯ ಗಿರಾಕಿಗಳು. ವರ್ಷವಿಡೀ ಬಿಸಿ ಬೇಡುತ್ತವೆ. ಚಳಿಗಾಲದಲ್ಲಿ ಮಾತ್ರ ಬಿಸಿ ಬೇಕಿರುವ ಕಟ್ಟಡಕ್ಕೆ ಚಳಿಗಾಲದ ಗರಿಷ್ಠ ಬೇಡಿಕೆ ನೋಡಿ ಯಂತ್ರ ಹಾಕಿದರೆ, ಅದು ವರ್ಷದ ಬಹುಭಾಗ ಸುಮ್ಮನೆ ನಿಲ್ಲುತ್ತದೆ, ಅಥವಾ ಬಿಸಿಯನ್ನು ಆಕಾಶಕ್ಕೆ ಊದುತ್ತಾ ಓಡುತ್ತದೆ. ವರ್ಷವಿಡೀ ಇಳಿಯದ ತಳಮಟ್ಟದ ಬೇಡಿಕೆ ಎಷ್ಟಿದೆಯೋ ಅಷ್ಟಕ್ಕೆ ಯಂತ್ರ, ಮೇಲಿನದಕ್ಕೆ ಒಂದು ಸಾದಾ ಬಾಯ್ಲರು. ಯುರೋಪಿನಲ್ಲಿ ಚೆನ್ನಾಗಿ ಓಡುವ ಸಣ್ಣ ಸ್ಥಾವರಗಳು ಹೆಚ್ಚಾಗಿ ಹೀಗೇ ಇವೆ.

ನಡುವೆ ಒಂದು ನೀರಿನ ತೊಟ್ಟಿ ಇದ್ದರೆ ಜೀವನ ಸುಲಭ. ಒಂದು ಘನ ಮೀಟರ್ ನೀರನ್ನು 40 ಡಿಗ್ರಿ ಏರಿಸಿದರೆ 46 ಯೂನಿಟ್ ಬಿಸಿ ಕೂಡಿಟ್ಟಂತೆ. ಮೇಲೆ ಹೇಳಿದ 30 ಕಿಲೋವ್ಯಾಟ್ ಘಟಕದ ಅರ್ಧ ದಿನದ ಬಿಸಿಯನ್ನು 18 ಘನ ಮೀಟರಿನ ತೊಟ್ಟಿಯಲ್ಲಿ ಇಡಬಹುದು. ಅದೇನು ಮಹಾ ಉಪಾಯವಲ್ಲ, ಬ್ಯಾಟರಿಯ ಮುಂದೆ ತೀರಾ ಅಗ್ಗ. ಇದರಿಂದ ಇನ್ನೊಂದು ಲಾಭವಿದೆ. ಗ್ಯಾಸಿಫೈಯರಿಗೆ ಏರಿಳಿತ ಆಗಿಬರುವುದಿಲ್ಲ. ಲೋಡು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಕೆಂಡ ತಣಿದು ಟಾರ್ ಏರುತ್ತದೆ. ಸಂಜೆ ನಾಲ್ಕು ದೀಪ ಉರಿಸಲಿಕ್ಕೆಂದು ಒಂದೇ ಯಂತ್ರವನ್ನು ನಂಬಿದ ಎಷ್ಟೋ ಯೋಜನೆಗಳು ಕೆಟ್ಟದ್ದು ಇಲ್ಲಿಯೇ: ದೀಪಕ್ಕೆ ಬೇಕಾದಷ್ಟು ಕಡಿಮೆ ಲೋಡಿನಲ್ಲಿ ಯಂತ್ರಕ್ಕೆ ಕಾಯಿಲೆ.

ಇದಕ್ಕೆ ದಿನವಿಡೀ ಕೆಲಸ ಹೊಂದಿಸುವುದೇ ಮದ್ದು ಎಂದು ತೋರಿಸಿದ ಉದಾಹರಣೆ ತುಮಕೂರು ಜಿಲ್ಲೆಯ ಹೊಸಹಳ್ಳಿಯದು. ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ಅಲ್ಲಿ 3.7 ಕಿಲೋವ್ಯಾಟ್‌ನಿಂದ ಶುರುಮಾಡಿ, ಮುಂದೆ 20 ಕಿಲೋವ್ಯಾಟ್‌ಗೆ ಏರಿಸಿತು. ದೀಪದ ಜೊತೆ ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿ, ನೀರಾವರಿ ಎಲ್ಲವನ್ನೂ ಅದಕ್ಕೆ ಕಟ್ಟಿತು. ಸೌದೆಗೆಂದೇ ತೋಪು ಬೆಳೆಸಿತು. ಹಲವು ವರ್ಷಗಳ ದಾಖಲೆ ಉಳಿಸಿಕೊಂಡ ಅಪರೂಪದ ಪ್ರಯೋಗ ಅದು. ಡೀಸೆಲ್ ಎಂಜಿನ್ನಿನಲ್ಲೇ ಗ್ಯಾಸು ಬೆರೆಸಿ ಓಡಿಸುತ್ತಿದ್ದುದರಿಂದ ಗ್ಯಾಸು ಕೈಕೊಟ್ಟ ದಿನ ಕತ್ತಲಾಗುತ್ತಿರಲಿಲ್ಲ.

ಡೆನ್ಮಾರ್ಕಿನ ಹಾರ್ಬೊಯೆರ್ ಇನ್ನೊಂದು ದಾರಿ ಹಿಡಿಯಿತು. 1990ರ ದಶಕದ ಆರಂಭದಲ್ಲಿ ಕಟ್ಟಿದ ಮೇಲ್ಮುಖ ಗ್ಯಾಸಿಫೈಯರಿನ ಗ್ಯಾಸನ್ನು ವರ್ಷಗಟ್ಟಲೆ ಬರೀ ಬಾಯ್ಲರಿನಲ್ಲಿ ಸುಟ್ಟು ಊರಿಗೆ ಬಿಸಿನೀರು ಕೊಟ್ಟರು. ಟಾರ್ ತೆಗೆಯುವ ಬಗೆ ಕೈಗೆ ಹತ್ತಿದ ಮೇಲೆ, 2000ದಲ್ಲಿ, ಎಂಜಿನ್ನು ಸೇರಿಸಿದರು. ಮೊದಲು ಬಿಸಿ, ಆಮೇಲೆ ಕರೆಂಟು. ಕಲಿಯುವಷ್ಟು ಕಾಲವೂ ಊರು ಬೆಚ್ಚಗಿತ್ತು, ಆದಾಯವೂ ಇತ್ತು. ಅದೇ ದೇಶದ ತಾಂತ್ರಿಕ ವಿಶ್ವವಿದ್ಯಾಲಯದ ‘ವೈಕಿಂಗ್’ ಎಂಬ, ಒಳಹೋಗುವ ಇಂಧನದ ಶಕ್ತಿಯೇ 75 ಕಿಲೋವ್ಯಾಟ್ ಇರುವ ಪುಟ್ಟ ಘಟಕ, ಹೊಗೆ ಬಿಡಿಸುವ ಹಂತವನ್ನೂ ಕೆಂಡದ ಹಂತವನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು, ಮೊದಲನೆಯದಕ್ಕೆ ಎಂಜಿನ್ನಿನ ಸೈಲೆನ್ಸರಿನ ಬಿಸಿಯನ್ನೇ ಕೊಟ್ಟು, ಟಾರನ್ನು ಬಹುತೇಕ ಇಲ್ಲವಾಗಿಸಿತು. ಒಗೆದ ಬಿಸಿಯನ್ನು ಒಳಗೇ ತಿರುಗಿಸಿದ್ದು ಅದರ ಜಾಣ್ಮೆ.

ಆಸ್ಟ್ರಿಯದ ಗ್ಯೂಸಿಂಗ್ ಇವೆಲ್ಲಕ್ಕಿಂತ ದೊಡ್ಡದು, ಹೆಸರೂ ದೊಡ್ಡದು. 2 ಮೆಗಾವ್ಯಾಟ್ ಕರೆಂಟು, ನಾಲ್ಕೂವರೆ ಮೆಗಾವ್ಯಾಟ್ ಬಿಸಿ, ಜಗತ್ತಿನ ಮೂಲೆಮೂಲೆಯಿಂದ ನೋಡಲು ಬರುವ ಜನ. ಕರೆಂಟಿಗೆ ಸಿಗುತ್ತಿದ್ದ ಹೆಚ್ಚಿನ ದರದ ಅವಧಿ ತೀರಿದ ಮೇಲೆ, 2016ರಲ್ಲಿ, ಸ್ಥಾವರ ಬಾಗಿಲು ಹಾಕಿತು. ತಂತ್ರಜ್ಞಾನ ಸೋಲಲಿಲ್ಲ, ಸೌದೆಯ ಬೆಲೆಗೂ ಕರೆಂಟಿನ ಬೆಲೆಗೂ ತಾಳ ತಪ್ಪಿತು.

ಒದ್ದೆ ಉಳಿಕೆಯ ಹಾದಿ ಬೇರೆ. ಸಗಣಿ, ಅಡುಗೆ ತ್ಯಾಜ್ಯ, ಚರಂಡಿಯ ರೊಚ್ಚನ್ನು ಒಣಗಿಸಿ ಸುಡುವುದು ಮೂರ್ಖತನ, ಅವನ್ನು ಸೂಕ್ಷ್ಮಜೀವಿಗಳಿಗೆ ಬಿಡಬೇಕು. 35–40 ಡಿಗ್ರಿಯಲ್ಲಿ ಕೊಳೆತು ಬರುವ ಗ್ಯಾಸಿನಲ್ಲಿ ಶೇ 60ರಷ್ಟು ಮೀಥೇನ್ ಇರುತ್ತದೆ, ಘನ ಮೀಟರಿಗೆ ಎರಡು ಯೂನಿಟ್ ಕರೆಂಟು. ಅಲ್ಲಿ ಟಾರ್ ಕಾಟವಿಲ್ಲ, ಹೈಡ್ರೋಜನ್ ಸಲ್ಫೈಡಿನದಿದೆ. ಎಂಜಿನ್ ಆಯಿಲನ್ನು ಆಮ್ಲ ಮಾಡಿ ಬೇರಿಂಗು ತಿನ್ನುತ್ತದೆ. ಸೋರಿಕೆ ಇನ್ನೊಂದು ವಿಷಯ. ನೂರು ವರ್ಷದ ಲೆಕ್ಕದಲ್ಲಿ ಮೀಥೇನು ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿಯೇರಿಸುವುದರಿಂದ, ತೊಟ್ಟಿಯ ಮುಚ್ಚಳ ಸಡಿಲವಿದ್ದರೆ ಪರಿಸರಕ್ಕೆ ಮಾಡಿದ ಉಪಕಾರವೆಲ್ಲ ಅಲ್ಲೇ ಸೋರಿಹೋಗುತ್ತದೆ.

ಸೌದೆ ಸುಟ್ಟರೆ ಇಂಗಾಲದ ಲೆಕ್ಕ ಸೊನ್ನೆ ಎನ್ನುವ ಮಾತನ್ನೂ ಹಾಗೆಯೇ ನುಂಗಬೇಕಾಗಿಲ್ಲ. ಮುಂದಿನ ವರ್ಷ ಕೊಳೆತು ಹೇಗೂ ಗಾಳಿಗೆ ಸೇರಲಿದ್ದ ಹೊಟ್ಟಿಗೆ ಅದು ಒಪ್ಪುತ್ತದೆ. ಐವತ್ತು ವರ್ಷದ ಮರ ಕಡಿದು ಸುಟ್ಟರೆ, ಆ ಸೊನ್ನೆ ಬರುವುದು ಇನ್ನೊಂದು ಮರ ಅಷ್ಟು ಬೆಳೆದ ಮೇಲೆ. ಹೊಗೆಯ ಕಣಗಳಂತೂ ಯಾವ ಲೆಕ್ಕದಲ್ಲೂ ಸೊನ್ನೆಯಾಗವು. ಸಾದಾ ಒಲೆಗಿಂತ ಫಿಲ್ಟರು ಇರುವ ಸ್ಥಾವರ ಎಷ್ಟೋ ವಾಸಿ ಎನ್ನುವುದು ಸರಿ, ಫಿಲ್ಟರು ಇದ್ದರೆ.

ಅಪಾಯದ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ, ಏಕೆಂದರೆ ಇದನ್ನು ಹೊಸಬರು ಉಲ್ಟಾ ತಿಳಿದಿರುತ್ತಾರೆ. ಗ್ಯಾಸಿನಲ್ಲಿ ಐದನೇ ಒಂದು ಭಾಗ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಗಾಳಿಯಲ್ಲಿ ಶೇ 0.16ರಷ್ಟು ಸೇರಿದರೆ ಒಂದೆರಡು ಗಂಟೆಯಲ್ಲಿ ಪ್ರಾಣ ಹೋಗಬಹುದು. ಎಂಜಿನ್ ಓಡುವಾಗ ಅದು ಗ್ಯಾಸನ್ನು ಹೀರುತ್ತಿರುವುದರಿಂದ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದಕ್ಕೆ ಅದರದೇ ಸ್ಫೋಟದ ಅಪಾಯವಿದೆ. ಎಂಜಿನ್ ನಿಲ್ಲಿಸಿದ ಮೇಲೆ ಒಳಗಿನ ಸೌದೆ ಬಿಸಿಗೆ ಹೊಗೆಯಾಡುತ್ತಲೇ ಇದ್ದು, ಒತ್ತಡ ಏರಿ, ಗ್ಯಾಸು ಹೊರಗೆ ಸೋರಲು ಶುರುವಾಗುತ್ತದೆ. ಎಲ್ಲ ಮುಗಿಯಿತೆಂದು ಬಾಗಿಲು ಮುಚ್ಚಿ ಒಳಗೆ ಕೂರುವ ಆ ಗಂಟೆಯೇ ಅಪಾಯದ ಗಂಟೆ. ಕೊಠಡಿಯಲ್ಲಿ ಅಲಾರಂ ಇರಬೇಕು, ಬಾಗಿಲು ತೆರೆದಿರಬೇಕು. ಮುಚ್ಚಿದ ಪೆಲೆಟ್ ಗೋದಾಮಿನೊಳಗೂ ಇದೇ ಗ್ಯಾಸು ಕೂಡಿಕೊಳ್ಳುತ್ತದೆ.

ಇಷ್ಟಾಗಿಯೂ ಯಂತ್ರ ಕೊಳ್ಳಲು ಹೊರಟವರು ಮಾರಾಟಗಾರರ ಹತ್ತಿರ ಒಂದನ್ನು ಕೇಳಬಹುದು. ನೀವು ಕೊಟ್ಟಿರುವ ಇಂಥದೇ ಯಂತ್ರ, ಎರಡು ವರ್ಷಕ್ಕೂ ಹಳೆಯದು, ಎಲ್ಲಿದೆ, ಅದರ ಲಾಗ್‌ಬುಕ್ ತೋರಿಸಿ. ಅದರಲ್ಲಿ ನೋಡಬೇಕಾದ್ದು ಓಡಿದ ಗಂಟೆ, ಬಂದ ಚಕ್ಕೆಯ ತೇವ, ಫಿಲ್ಟರು ಬದಲಿಸಿದ ದಿನ, ನಿಂತ ಕಾರಣ. ಪುಟ ತಿರುವುತ್ತಾ ಮಳೆಗಾಲದ ತಿಂಗಳುಗಳಿಗೆ ಬಂದಾಗ ಗಂಟೆಗಳ ಕಾಲಮ್ಮು ಖಾಲಿಯಾಗಿದೆಯೇ ನೋಡಿ. ಹಾಗೇ, ಎಷ್ಟು ಯೂನಿಟ್ ಬಿಸಿ ಬಳಕೆಯಾಯಿತು ಎಂದು ಬರೆಯಲು ಆ ಪುಸ್ತಕದಲ್ಲಿ ಒಂದು ಕಾಲಮ್ಮಾದರೂ ಇದೆಯೇ ಎಂಬುದನ್ನೂ.